‘ಮದುವೆ ಆದ್ಮೇಲೆ ಹಾಕಿಸೋಣ ಮೇಡಂ’

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಮಾತು ತೆಗೆದ ಕೂಡಲೇ ಬಹಳ ತಾಯಂದಿರು ಮಗಳನ್ನು ಹೊರಗೆ ಕಳಿಸುತ್ತಾರೆ. “ಹೋಗು ಪುಟ್ಟಿ, ಹೊರಗಡೆ ಬೆಂಚ್ ಮೇಲೆ ಕೂತಿರು.” ಹುಡುಗಿ ಮುಟ್ಟಿನ ಹೊಟ್ಟೆನೋವಿಗೆ ತೋರಿಸಲು ಬಂದವಳು. ಯೂನಿಫಾರ್ಮ್, ಎರಡು ಜಡೆ, ಕೆಂಪು ಟೇಪು. ಬಾಗಿಲು ಮುಚ್ಚುತ್ತದೆ. ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡು ದನಿ ತಗ್ಗಿಸುತ್ತಾರೆ. “ಅವಳಿಗಿನ್ನೂ ಹನ್ನೆರಡು. ಅಂಥದ್ದೆಲ್ಲ ಏನೂ ಇಲ್ಲ ಮೇಡಂ. ಮದುವೆ ಆದ್ಮೇಲೆ ಹಾಕಿಸೋಣ.”

ಹೀಗೆ ಹೇಳುವವರು ಓದು ಬರಹ ಇಲ್ಲದವರು ಅಂದುಕೊಳ್ಳಬೇಡಿ. ಟೀಚರ್‌ಗಳು ಹೇಳಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರು ಹೇಳಿದ್ದಾರೆ, ನನ್ನ ಜೊತೆಗೇ ದುಡಿದ ನರ್ಸ್ ಒಬ್ಬರೂ ಹೇಳಿದ್ದಾರೆ. ಲಸಿಕೆ ಬೇಡ ಅಂತಲ್ಲ. ಈಗಲೇ ಹಾಕಿಸಿದರೆ ಮಗಳ ಬಗ್ಗೆ ಏನೋ ಒಪ್ಪಿಕೊಂಡ ಹಾಗೆ ಆಗುತ್ತದಲ್ಲ ಎಂಬ ಅಳುಕು. ಆ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಊರುಗಳಲ್ಲಿ ಹೆಣ್ಣುಮಗುವಿನ ಬಗ್ಗೆ ಒಂದು ಮಾತು ಹುಟ್ಟಿದರೆ ಅದನ್ನು ಹೊರುವವಳು ಅಮ್ಮನೇ.

ಎಚ್‌ಪಿವಿ ಗಂಡು ಹೆಣ್ಣಿನ ದೇಹಸಂಪರ್ಕದಿಂದ ಹರಡುವ ವೈರಸ್, ನಿಜ. ಆದರೆ ಒಬ್ಬ ಗಂಡನ ಜೊತೆಗೇ ಬಾಳಿದ ಹೆಂಗಸಿಗೂ ಇದು ಬರುತ್ತದೆ. ನಡತೆಗೂ ಇದಕ್ಕೂ ಗಂಟು ಹಾಕಬೇಡಿ. ಬಂದವರಲ್ಲಿ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮಾತ್ರ ಹೋಗದೆ ಗರ್ಭಕೋಶದ ಬಾಯಿಯಲ್ಲಿ ಕೂತು, ಹದಿನೈದು ಇಪ್ಪತ್ತು ವರ್ಷದಲ್ಲಿ ಕ್ಯಾನ್ಸರ್ ಆಗಿ ಬೆಳೆಯುತ್ತದೆ. ಈ ವೈರಸ್‌ನಲ್ಲಿ ಹಲವು ಬಗೆ. 16 ಮತ್ತು 18 ಎಂಬ ಎರಡು ಬಗೆಗಳಿಂದಲೇ ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ ಕ್ಯಾನ್ಸರ್‌ನ ನೂರರಲ್ಲಿ ಎಪ್ಪತ್ತು ಪಾಲು ಬರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 75 ಸಾವಿರಕ್ಕೂ ಜಾಸ್ತಿ ಹೆಂಗಸರು ಈ ಒಂದು ಕಾಯಿಲೆಯಿಂದ ಸಾಯುತ್ತಿದ್ದಾರೆ.

ಲಸಿಕೆ ವೈರಸ್ಸನ್ನು ಒಳಗೆ ಬಿಡದ ಹಾಗೆ ತಡೆಯುತ್ತದೆ. ಒಳಗೆ ಬಂದು ಕೂತದ್ದನ್ನು ಓಡಿಸುವ ಶಕ್ತಿ ಅದಕ್ಕಿಲ್ಲ. ದನ ನುಗ್ಗಿ ಮೇದ ಮೇಲೆ ಬೇಲಿ ಕಟ್ಟಿದರೆ ಬೆಳೆ ಉಳಿಯುತ್ತಾ? ಮದುವೆ ಆದ್ಮೇಲೆ ಎನ್ನುವ ತಾಯಿಗೆ ನಾನು ಕೇಳುವುದು ಇಷ್ಟೇ. ಸ್ವೀಡನ್ ದೇಶದಲ್ಲಿ ಲಕ್ಷಾಂತರ ಹುಡುಗಿಯರನ್ನು ವರ್ಷಗಟ್ಟಲೆ ಗಮನಿಸಿ 2020ರಲ್ಲಿ ಲೆಕ್ಕ ಕೊಟ್ಟರು. ಹದಿನೇಳು ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ. 88ರಷ್ಟು ಕಡಿಮೆ. ಆಮೇಲೆ ಪಡೆದವರಲ್ಲಿ ಶೇ. 53. ಲಸಿಕೆ ಅದೇ, ವಯಸ್ಸು ಮಾತ್ರ ಬೇರೆ.

ಇನ್ನೊಂದು ಮಾತು ಹೇಳುತ್ತೇನೆ. ಇದೇ ತಾಯಿಯ ಬ್ಯಾಗಿನಲ್ಲಿ ಹಳೆಯ ತಾಯಿ ಕಾರ್ಡ್ ಇದ್ದರೆ ತೆಗೆಸಿ ನೋಡುತ್ತೇನೆ. ಮಗು ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಬಿದ್ದಿರುತ್ತದೆ. ಆ ವೈರಸ್ ಕೂಡ ರಕ್ತದಿಂದ, ದೇಹಸಂಪರ್ಕದಿಂದ ಹರಡುವಂಥದ್ದು. ಅದೂ ಮುಂದೆ ಲಿವರ್ ಕ್ಯಾನ್ಸರ್ ತರುವಂಥದ್ದು. ಬಾಣಂತಿ ಹಾಸಿಗೆಯಲ್ಲಿ ಒಬ್ಬ ತಾಯಿಯೂ “ನನ್ನ ಕೂಸಿಗೆ ಇದ್ಯಾಕೆ” ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಕಾರ್ಡಿನ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಾಗ ಎಷ್ಟೋ ಮುಖಗಳು ಸಡಿಲವಾಗುತ್ತವೆ.

ಎರಡನೇ ಹೆದರಿಕೆ ಮೊಬೈಲಿನಲ್ಲಿ ಬರುತ್ತದೆ. “ಮುಂದೆ ಮಕ್ಕಳಾಗಲ್ವಂತೆ ಹೌದಾ?” ಇಲ್ಲ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಹಲವು ದೇಶಗಳಲ್ಲಿ ಹಾಕುತ್ತಿದ್ದಾರೆ, ಅಂಥದ್ದೇನೂ ಕಂಡಿಲ್ಲ. ಈ ಲಸಿಕೆಯಲ್ಲಿ ವೈರಸ್ ಇಲ್ಲ, ಅದರ ಹೊರಚಿಪ್ಪಿನ ಪ್ರೋಟೀನ್ ಮಾತ್ರ ಇದೆ. ಮಕ್ಕಳ ಆಸೆಯನ್ನು ಕಿತ್ತುಕೊಳ್ಳುವುದು ಆ ಕ್ಯಾನ್ಸರ್. ಮೂವತ್ತೈದರ ಹೆಣ್ಣುಮಗಳಿಗೆ ಗರ್ಭಕೋಶ ತೆಗೆಯಲೇಬೇಕು ಎಂದು ನಾನು ಹೇಳಬೇಕಾಗಿ ಬಂದಿದೆ. ಆ ಮಾತು ಹೇಳಿ ಎದ್ದ ಸಂಜೆ ನನಗೆ ಊಟ ಸೇರಲಿಲ್ಲ.

“ಆಂಧ್ರದಲ್ಲಿ ಹುಡುಗಿಯರು ಸತ್ತರಂತಲ್ಲ?” ಎಂದು ಕೇಳುವವರಿಗೆ ಪೂರ್ತಿ ಉತ್ತರ ಕೊಡಬೇಕು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಪ್ರಾಯೋಗಿಕವಾಗಿ ಲಸಿಕೆ ಹಾಕಿದರು. ಏಳು ಮಕ್ಕಳು ತೀರಿಕೊಂಡರು. 2010ರಲ್ಲಿ ಕಾರ್ಯಕ್ರಮ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣ ಎನ್ನಲು ತನಿಖೆಯಲ್ಲಿ ಆಧಾರ ಸಿಗಲಿಲ್ಲ. ಹಾವು ಕಡಿತ, ನೀರಲ್ಲಿ ಮುಳುಗಿದ್ದು, ಇಂಥ ಬೇರೆ ಕಾರಣಗಳಿದ್ದವು. ಆದರೆ ತಪ್ಪು ಬೇರೆ ಕಡೆ ನಡೆದಿತ್ತು. ಹಲವು ಮಕ್ಕಳಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. ತಾಯಿಯನ್ನು ಕೇಳದೆ ಮಗಳ ತೋಳಿಗೆ ಸೂಜಿ ಚುಚ್ಚಿದರೆ ನಂಬಿಕೆ ಹೋಗದೆ ಇರುತ್ತಾ? ಅದನ್ನು ಕಟ್ಟಿಕೊಳ್ಳಲು ನಾವು ವೈದ್ಯರು ಇವತ್ತಿಗೂ ಒದ್ದಾಡುತ್ತಿದ್ದೇವೆ. 2018ರಲ್ಲಿ ಸಿಕ್ಕಿಂ ರಾಜ್ಯ ಶಾಲೆಗಳಲ್ಲಿ ಲಸಿಕೆ ಹಾಕುವ ಮೊದಲು ತಾಯಿ ತಂದೆಯರ ಜೊತೆ, ಟೀಚರ್‌ಗಳ ಜೊತೆ ಕೂತು ಮಾತಾಡಿತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಡುಗಿಯರಿಗೆ ತಲುಪಿತು.

ದುಡ್ಡಿನ ಮಾತೂ ಇದೆ. 2023ರಲ್ಲಿ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಬಂದಾಗ ಡೋಸ್‌ಗೆ ಸುಮಾರು 2,000 ರೂಪಾಯಿ ಇತ್ತು. ಒಂಬತ್ತರಿಂದ ಹದಿನಾಲ್ಕರವರೆಗೆ ಎರಡು ಡೋಸ್, ಆರು ತಿಂಗಳ ಅಂತರ. ಹದಿನೈದು ತುಂಬಿದರೆ ಮೂರು. ಒಂಬತ್ತರಿಂದ ಇಪ್ಪತ್ತರ ವಯಸ್ಸಿನವರೆಗೆ ಒಂದೇ ಡೋಸ್ ಕೊಟ್ಟರೂ ಸರಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆಸ್ಪತ್ರೆಗೆ ಬರುವ ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರದ ಕಡೆಯಿಂದ ಸಿಗುವ ಹಾಗಿದ್ದರೆ ಅವರೇ ಹೇಳುತ್ತಾರೆ.

“ಮನೇಲಿ ಕೇಳಿ ಹೇಳ್ತೀನಿ” ಎಂದು ಹೋದವರಲ್ಲಿ ತಿರುಗಿ ಬರುವವರು ಕಡಿಮೆ. ಹಾಗಾಗಿ ಮನೆಯವರನ್ನೇ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಒಮ್ಮೆ ಒಬ್ಬಾಕೆ ಅತ್ತೆಯನ್ನು ಕರೆತಂದಳು. ಆ ಅಜ್ಜಿ ಬೇಡ ಅಂತಾರೆ ಎಂದೇ ಸೊಸೆ ಹೆದರಿದ್ದಳು. ನಾನು ಕಾಯಿಲೆಯ ಲಕ್ಷಣ ಹೇಳುತ್ತಿದ್ದೆ. ಮುಟ್ಟು ನಿಂತ ಮೇಲೂ ರಕ್ತ ಹೋಗುವುದು, ವಾಸನೆಯ ಬಿಳಿಸೆರಗು. ಅಜ್ಜಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದವರು ನಡುವೆಯೇ ಹೇಳಿದರು. “ನಮ್ಮಕ್ಕ ಇದರಲ್ಲೇ ಹೋಗಿದ್ದು ಕಣಮ್ಮ. ಯಾರಿಗೂ ಹೇಳಬೇಡ ಅಂದಿದ್ದಳು. ಹಾಕು ಮಗೀಗೆ.”

ಒಪ್ಪಿದ ಮೇಲೆ ಹುಡುಗಿಯನ್ನು ಒಳಗೆ ಕರೆಯುತ್ತೇನೆ. ದೊಡ್ಡವಳಾದ ಮೇಲೆ ಬರಬಹುದಾದ ಒಂದು ಕ್ಯಾನ್ಸರ್ ತಡೆಯುವ ಇಂಜೆಕ್ಷನ್ ಇದು ಎಂದು ಅವಳಿಗೇ ಹೇಳುತ್ತೇನೆ. ಅಷ್ಟು ಸಾಕು. ಅವಳು ಕೇಳುವುದು, ತುಂಬಾ ನೋಯುತ್ತಾ ಅಂತ ಮಾತ್ರ. ತೋಳು ಒಂದೆರಡು ದಿನ ನೋಯುತ್ತದೆ. ಈ ವಯಸ್ಸಿನವರಿಗೆ ಸೂಜಿ ಕಂಡರೆ ತಲೆ ಸುತ್ತುವುದುಂಟು, ಅದಕ್ಕೇ ಹದಿನೈದು ನಿಮಿಷ ಕೂರಿಸಿಕೊಳ್ಳುತ್ತೇವೆ.

ಆ ಹದಿನೈದು ನಿಮಿಷದಲ್ಲಿ ನಾನು ಅಮ್ಮನನ್ನು ಕೇಳುತ್ತೇನೆ, “ನಿಮ್ಮ ಪರೀಕ್ಷೆ ಯಾವತ್ತಾದರೂ ಆಗಿದೆಯಾ?” ಮೂವತ್ತು ದಾಟಿದ ಹೆಂಗಸರಲ್ಲಿ ಈ ಕ್ಯಾನ್ಸರ್‌ಗೆ ತಪಾಸಣೆ ಆದವರು ನಮ್ಮ ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಹಳ ಮಂದಿ ನಕ್ಕು ತಲೆ ತಗ್ಗಿಸುತ್ತಾರೆ. ಮಗಳ ಎರಡನೇ ಡೋಸ್‌ನ ತಾರೀಕು ಬರೆಯುವ ಚೀಟಿಯಲ್ಲೇ, ಅದರ ಮೇಲಿನ ಸಾಲಿನಲ್ಲಿ, ಅಮ್ಮನ ಹೆಸರು ಬರೆದು ಮುಂದಿನ ವಾರದ ಒಂದು ದಿನ ಹಾಕಿ ಕೊಡುತ್ತೇನೆ.