ಮಾಲೆ ತೆಗೆದ ದಿನ ಹಚ್ಚುವ ಬೀಡಿ

ನಮ್ಮ ಸೋದರಮಾವ ಲಾರಿ ಓಡಿಸುತ್ತಿದ್ದರು. ದಿನಕ್ಕೆ ಎರಡು ಕಟ್ಟು ಬೀಡಿ. ಅತ್ತೆ ಕಣ್ಣೀರು ಹಾಕಿದ್ದಾಯಿತು, ಡಾಕ್ಟರು ಎಕ್ಸ್‌ರೇ ತೋರಿಸಿ ಹೆದರಿಸಿದ್ದಾಯಿತು, ಮಾವ ಜಗ್ಗಲಿಲ್ಲ. ಆದರೆ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕಿದರೆಂದರೆ 41 ದಿನ ಒಂದೇ ಒಂದು ಬೀಡಿ ಮುಟ್ಟುತ್ತಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನ ಸಂಜೆಗೇ ಬೆಂಕಿಪೊಟ್ಟಣ ಹುಡುಕುತ್ತಿದ್ದರು.

ಇಂಥವರು ನಿಮ್ಮ ಬೀದಿಯಲ್ಲೂ ಇದ್ದಾರೆ, ಅಲ್ವಾ? ಜನ ಇದಕ್ಕೆ ಎರಡು ಕಾರಣ ಹೇಳುತ್ತಾರೆ. ಒಂದು, ದೇವರ ಭಯ. ಇನ್ನೊಂದು, "ಮನಸ್ಸು ಗಟ್ಟಿ ಇದ್ದರೆ ಬಿಡಬಹುದು, ಇವನಿಗೆ ಅದಿಲ್ಲ" ಅನ್ನುವ ಮಾತು. ಈ ಎರಡನೆಯದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 41 ದಿನ ಗಟ್ಟಿ ಇದ್ದ ಮನಸ್ಸು 42ನೇ ದಿನ ಹೇಗೆ ಮೆತ್ತಗಾಯಿತು? ಯಾರ ಭಕ್ತಿಯನ್ನೂ ನಾನು ಅಳೆಯಲು ಹೋಗುವುದಿಲ್ಲ. ಆದರೆ ಮಾಲೆಯ ಸುತ್ತ ಇರುವ ಏರ್ಪಾಡನ್ನು ಸ್ವಲ್ಪ ನೋಡಬೇಕು. ಅದಕ್ಕೂ ಮೊದಲು ಮಿದುಳಿನ ಒಳಗೆ ಹೋಗಿ ಬರೋಣ.

ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್, ಅಂದರೆ ಹೊಗೆಸೊಪ್ಪಿನಲ್ಲಿ ಚಟ ಹಿಡಿಸುವ ವಸ್ತು, ಮಿದುಳು ಮುಟ್ಟುತ್ತದೆ. ಅಲ್ಲಿ ನರಕೋಶಗಳ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಮದುವೆ ಮನೆಯ ಪಂಕ್ತಿಯಲ್ಲಿ ಹಾಕಿದ ಬಾಳೆಲೆಗಳು ಅಂದುಕೊಳ್ಳಿ. ನಮ್ಮ ದೇಹವೇ ತಯಾರಿಸುವ ಅಸಿಟೈಲ್‌ಕೋಲಿನ್ ಎಂಬ ನೆಂಟರಿಗಾಗಿ ಹಾಕಿದ ಎಲೆಗಳವು. ನಿಕೋಟಿನ್ ಕರೆಯದೇ ಬಂದವನು. ಸೀದಾ ಬಂದು ಎಲೆ ಮುಂದೆ ಕೂರುತ್ತಾನೆ. ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಸುರಿಯುತ್ತದೆ, ಹಿತವಾಗುತ್ತದೆ. ಆದರೆ ಇವನು ಊಟ ಮುಗಿದರೂ ಏಳುವುದಿಲ್ಲ, ಎಲೆ ಕೆಲಸಕ್ಕೆ ಬಾರದಂತಾಗುತ್ತದೆ. ಮನೆಯವರು ಏನು ಮಾಡುತ್ತಾರೆ? ಇನ್ನೊಂದಿಷ್ಟು ಎಲೆ ಹಾಕುತ್ತಾರೆ. ಮಿದುಳು ಮಾಡುವುದೂ ಅದನ್ನೇ. ವರ್ಷಗಟ್ಟಲೆ ಸೇದುವವರ ಮಿದುಳಿನಲ್ಲಿ ಈ ಗ್ರಾಹಕಗಳು ಉಳಿದವರಿಗಿಂತ ಜಾಸ್ತಿ ಇರುತ್ತವೆ.

ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ಕೂತವರು ಒಬ್ಬೊಬ್ಬರಾಗಿ ಎದ್ದರು, ಸಾಲು ಸಾಲು ಎಲೆ ಖಾಲಿ. ಆ ಖಾಲಿ ಎಲೆಗಳ ಗದ್ದಲವೇ ತಳಮಳ, ಸಿಡುಕು, ನಿದ್ದೆಗೇಡು. ಬೆಳಿಗ್ಗೆ ಎದ್ದ ಕೂಡಲೇ ಸೇದುವ ಮೊದಲ ಬೀಡಿ ಅಷ್ಟು ರುಚಿಸುವುದೂ ಇದಕ್ಕೇ, ರಾತ್ರಿಯಿಡೀ ಪಂಕ್ತಿ ಖಾಲಿ ಬಿದ್ದಿರುತ್ತದೆ. "ಟೆನ್ಶನ್‌ಗೆ ಸೇದ್ತೀನಿ" ಅನ್ನುವವರು ಇದೊಂದನ್ನು ಯೋಚಿಸಬೇಕು. ಈ ಬೀಡಿ ಇಳಿಸುವ ಟೆನ್ಶನ್‌ನಲ್ಲಿ ಬಹುಪಾಲು ಹಿಂದಿನ ಬೀಡಿ ತಂದಿಟ್ಟದ್ದೇ. ಬಿಟ್ಟು ಕೆಲವು ವಾರ ಕಳೆದವರಲ್ಲಿ ಆತಂಕ ಮೊದಲಿಗಿಂತ ಕಡಿಮೆ ಇರುವುದು ಅಧ್ಯಯನಗಳಲ್ಲಿ ಕಂಡಿದೆ.

ಸಂತೋಷದ ವಿಷಯವೆಂದರೆ, ಜಾಸ್ತಿ ಹಾಕಿದ ಎಲೆಗಳನ್ನು ಮಿದುಳು ತಾನೇ ತೆಗೆಯುತ್ತದೆ. ಬಿಟ್ಟ ಎರಡು ಮೂರನೇ ದಿನ ತಳಮಳ ತುದಿಗೇರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆರರಿಂದ ಹನ್ನೆರಡು ವಾರದಲ್ಲಿ ಗ್ರಾಹಕಗಳ ಲೆಕ್ಕ ಸೇದದವರ ಮಟ್ಟಕ್ಕೆ ಬರುತ್ತದೆ. ಅಂದರೆ 41 ದಿನ ಮುಗಿಸಿದ ಮಾವನ ಮಿದುಳು ದಾರಿಯ ಕಷ್ಟದ ಭಾಗವನ್ನೆಲ್ಲ ದಾಟಿಯಾಗಿತ್ತು!

ಹಾಗಾದರೆ ಮತ್ತೆ ಹಚ್ಚಿದ್ದು ಯಾಕೆ? ಪಂಕ್ತಿ ಬಿಟ್ಟು ಬೀದಿಗೆ ಬನ್ನಿ. ದಿನಾ ಸಂಜೆ ಆರಕ್ಕೆ ಒಂದು ನಾಯಿಗೆ ಬಿಸ್ಕತ್ತು ಹಾಕಿದರೆ ಅದು ಆರಕ್ಕೆ ಸರಿಯಾಗಿ ಗೇಟಿನ ಹತ್ತಿರ ನಿಂತಿರುತ್ತದೆ. ಹಾಕುವುದು ನಿಲ್ಲಿಸಿ ನೋಡಿ. ಮೊದಲು ಜೋರಾಗಿ ಬೊಗಳುತ್ತದೆ. ದಿನ ಕಳೆದಂತೆ ಬರುವುದು ಬಿಡುತ್ತದೆ. ನಡುವೆ ಒಂದೇ ಒಂದು ಬಿಸ್ಕತ್ತು ಎಸೆದಿರೋ, ಮತ್ತೆ ವಾರಗಟ್ಟಲೆ ಕಾಯುತ್ತದೆ. ಬೀಡಿಯ ಆಸೆಯೂ ಹೀಗೇ, ಜಾಗ ಮತ್ತು ಹೊತ್ತು ನೋಡಿ ಬರುತ್ತದೆ. ಚಹಾ ಅಂಗಡಿಯ ಬೆಂಚು, ಊಟದ ನಂತರದ ಐದು ನಿಮಿಷ, ಲಾರಿಯ ಸ್ಟೇರಿಂಗು, ಎದುರಿಗೆ ಹಚ್ಚಿದ ಗೆಳೆಯ, ಇವೆಲ್ಲ ಅದಕ್ಕೆ ಆರು ಗಂಟೆ ಇದ್ದಹಾಗೆ. ಪ್ರತಿ ಸಲ ಬಂದಾಗ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಆ ನಿಮಿಷಗಳಲ್ಲಿ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು, ಅಷ್ಟೆ.

ಈಗ ಮಾಲೆ ನೋಡಿ. ದಿನ ಮೊದಲೇ ಗೊತ್ತು. ಬೆಳಗಿನ ಜಾವ ತಣ್ಣೀರು ಸ್ನಾನ, ಬೀಡಿಯ ಹೊತ್ತಿಗೆ ಪೂಜೆ. ಕಪ್ಪು ಬಟ್ಟೆ, ಬರಿಗಾಲು. ಹೆಸರೇ ಬದಲಾಗುತ್ತದೆ, ಎಲ್ಲರೂ "ಸ್ವಾಮಿ" ಅನ್ನುತ್ತಾರೆ. ಬೀಡಿ ಅಂಗಡಿಯವನೂ ಕೊಡಲು ಹಿಂಜರಿಯುತ್ತಾನೆ. ಸಂಜೆ ಭಜನೆಗೆ ಜೊತೆಯವರು ಕಾಯುತ್ತಿರುತ್ತಾರೆ, ತಪ್ಪಿದರೆ ಗುರುಸ್ವಾಮಿ ಕೇಳುತ್ತಾರೆ. ಹಳೆಯ ಜಾಗ, ಹಳೆಯ ಹೊತ್ತು, ಹಳೆಯ ಜೊತೆ ಮೂರೂ ಒಟ್ಟಿಗೆ ಬದಲು. ಮಾಲೆ ತೆಗೆದಾಗ ಮೂರೂ ಒಟ್ಟಿಗೆ ವಾಪಸ್. ಬಿಡುವ ದಿನ ಗೊತ್ತಾದ ಹಾಗೆ ಮತ್ತೆ ಹಿಡಿಯುವ ದಿನವೂ ಮೊದಲೇ ಗೊತ್ತಾಗಿರುತ್ತದೆ.

ಇಂಗ್ಲೆಂಡಿನಲ್ಲಿ 2012ರಿಂದ ಅಕ್ಟೋಬರ್ ತಿಂಗಳಲ್ಲಿ "ಸ್ಟಾಪ್ಟೋಬರ್" ನಡೆಸುತ್ತಾರೆ. ದೇಶದವರೆಲ್ಲ ಸೇರಿ 28 ದಿನ ಬಿಡುವ ವ್ರತ ಎಂದೇ ಹೇಳಬಹುದು. ಒಬ್ಬೊಬ್ಬರೇ ಮಾಡಬೇಕಾದ್ದನ್ನು ಒಟ್ಟಿಗೆ ಮಾಡಿಸುವುದೇ ಅದರ ಜಾಣತನ.

ಇಲ್ಲೊಂದು ಹಳೆಯ ಕಥೆ ಹೇಳದಿರಲಾರೆ. ಹೊಗೆಸೊಪ್ಪು ಮೊಗಲರ ಆಸ್ಥಾನಕ್ಕೆ ಹೋದದ್ದು ನಮ್ಮ ಬಿಜಾಪುರದಿಂದ. ಅಕ್ಬರನ ದೂತ ಅಸದ್ ಬೇಗ್ 1600ರ ದಶಕದ ಮೊದಲ ವರ್ಷಗಳಲ್ಲಿ ಬಿಜಾಪುರಕ್ಕೆ ಬಂದು, ಹಿಂದಿರುಗುವಾಗ ತಂಬಾಕು ಮತ್ತು ಅಂದದ ಕೊಳವೆ ಒಯ್ದ. ಅಕ್ಬರ್ ಎರಡು ಮೂರು ಸಲ ಎಳೆದ, ವೈದ್ಯ ಬೇಡವೆಂದ. ಅಕ್ಬರ್ ಬಿಟ್ಟ, ಸರದಾರರು ಬಿಡಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕೇಳಿ ಪಡೆದರು, ವ್ಯಾಪಾರಿಗಳು ತರಿಸತೊಡಗಿದರು. 1617ರಲ್ಲಿ ಜಹಾಂಗೀರ್ ಬಾದಶಹನೇ ನಿಷೇಧಿಸಿದರೂ ಹೊಗೆ ನಿಲ್ಲಲಿಲ್ಲ. ಗುಂಪಿನಲ್ಲಿ ಬಂದದ್ದು ಒಂದು ಆಜ್ಞೆಗೆ ಹೋಗುತ್ತದೆಯೇ?

ಗುಂಪಿನಲ್ಲಿ ಹೋಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೃದಯ ಅಧ್ಯಯನದಲ್ಲಿ 12,067 ಮಂದಿಯ 1971ರಿಂದ 2003ರವರೆಗಿನ ದಾಖಲೆಗಳಿದ್ದವು. ಯಾರಿಗೆ ಯಾರು ಗೆಳೆಯರು, ಯಾರು ನೆಂಟರು ಎಂಬುದೂ ಅದರಲ್ಲಿತ್ತು. ಸಂಶೋಧಕರಾದ ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 2008ರಲ್ಲಿ ಅದನ್ನು ಬಿಡಿಸಿ ನೋಡಿದರು. ಜನ ಒಬ್ಬೊಬ್ಬರಾಗಿ ಅಲ್ಲ, ಗೊಂಚಲು ಗೊಂಚಲಾಗಿ ಬಿಟ್ಟಿದ್ದರು. ಗಂಡ ಹೆಂಡತಿಯಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ 67% ಇಳಿದಿತ್ತು. ಗೆಳೆಯ ಬಿಟ್ಟರೆ 36%. ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಮಂದಿಯಲ್ಲಿ ವರ್ಷದ ಕೊನೆಗೆ ಉಳಿಯುವವರು ಮೂರರಿಂದ ಐದು ಜನ. ಪುಸ್ತಕ ಓದಿ ತಾನೇ ಬಿಡುವವರಿಗಿಂತ ಗುಂಪಿನಲ್ಲಿ ಕೂತು ಬಿಡುವವರು ಗೆಲ್ಲುವ ಸಾಧ್ಯತೆ ಒಂದೂವರೆಯಿಂದ ಎರಡು ಪಟ್ಟು.

ಬೀಡಿ ಬಿಡುವ ಯೋಜನೆ ಹಾಕುವಾಗ ಜನ ಮರೆಯುವ ಒಂದು ವಿಷಯ ಕಾಫಿ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಅದು ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಸೇದುವುದು ನಿಂತರೆ ಕಿಣ್ವ ನಿಧಾನವಾಗುತ್ತದೆ. ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಎರಡು ಪಟ್ಟಾಗಬಹುದು. ಕೈ ನಡುಕ, ಎದೆ ಡವಡವ. "ಬೀಡಿ ಬಿಟ್ಟಿದ್ದಕ್ಕೇ ಹೀಗೆ" ಅಂದುಕೊಂಡು ಮತ್ತೆ ಹಚ್ಚುತ್ತಾರೆ! ಕಾಫಿ ಅರ್ಧ ಮಾಡಿದ್ದರೆ ಸಾಕಿತ್ತು. ಬೀಡಿ ಬಿಡಲು ನೆರವಿಗೆಂದು ಜಗಿಯುವ ನಿಕೋಟಿನ್ ಗಮ್‌ ವಿಷಯದಲ್ಲೂ ಜನ ಹೀಗೇ ಎಡವುತ್ತಾರೆ. ಬಬಲ್‌ಗಮ್ ಥರ ಒಂದೇ ಸಮನೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ದಂಡವಾಗುತ್ತದೆ, ಮೇಲೆ ಬಿಕ್ಕಳಿಕೆ. ಬಾಯಿ ಚುರುಗುಟ್ಟುವವರೆಗೆ ಜಗಿದು ಕೆನ್ನೆಯ ಸಂದಿಯಲ್ಲಿಟ್ಟುಕೊಳ್ಳಬೇಕು. ಗುಂಪು ಸಿಗದವರು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು, ಅದು ಕೇಂದ್ರ ಸರ್ಕಾರದ ಸಹಾಯವಾಣಿ.

ಮಾವ ಹನ್ನೊಂದು ವರ್ಷ ಹೀಗೆ ಬಿಟ್ಟು ಹಿಡಿದರು. ಹನ್ನೆರಡನೇ ವರ್ಷ ವಾಪಸ್ ಬರುವ ಬಸ್ಸಿನಲ್ಲಿ ನಾಲ್ಕು ಜನ ಮಾತಾಡಿಕೊಂಡರು. ಮಾಲೆ ತೆಗೆದರೂ ಶಿವರಾತ್ರಿವರೆಗೆ ದಿನಾ ಸಂಜೆ ಭಜನಾ ಮಂದಿರದ ಜಗಲಿಯಲ್ಲಿ ಹತ್ತು ನಿಮಿಷ ಸೇರುವುದು ಅಂತ. ಒಬ್ಬರು ನಡುವೆ ಹಚ್ಚಿದರು. ಮರುದಿನ ಬಂದು ಹೇಳಿದರು, ಯಾರೂ ಬೈಯಲಿಲ್ಲ, ಅವರು ಮತ್ತೆ ಒಂದರಿಂದ ಎಣಿಸಿದರು. ಉಳಿದ ಮೂವರು ಮುಟ್ಟಲೇ ಇಲ್ಲ. ಮಾವ ಈಗಲೂ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿ ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ.