ಕೆರೆದರೂ ಉಳಿದ ಅಕ್ಷರಗಳು

ಪೈರಿನ ಹೊಲದಲ್ಲಿ ನಡೆದು ಹೋಗುವಾಗ ಯೇಸುವಿನ ಶಿಷ್ಯರಿಗೆ ಹಸಿವಾಯಿತು. ತೆನೆ ಕಿತ್ತು ತಿಂದರು. ಬೈಬಲಿನ ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದ ಗ್ರೀಕ್ ಪಠ್ಯದಲ್ಲಿ ಇಷ್ಟೇ ಇದೆ. ಆದರೆ ಸಿರಿಯಾಕ್ ಭಾಷೆಯ ಹಳೆಯ ಅನುವಾದದಲ್ಲಿ 'ಕಿತ್ತು, ಕೈಯಲ್ಲಿ ತಿಕ್ಕಿ ತಿಂದರು' ಎಂದಿದೆ. ಹಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಂಡವರಿಗೆ ಆ ಒಂದು ಪದ ಎಷ್ಟು ಸಹಜ, ಅಲ್ವಾ?

2023ರಲ್ಲಿ ಗ್ರಿಗೊರಿ ಕೆಸೆಲ್ ಎಂಬ ವಿದ್ವಾಂಸರು ವ್ಯಾಟಿಕನ್ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಈ ಸಾಲು ಇರುವುದನ್ನು ಪ್ರಕಟಿಸಿದರು. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಆಗಿನ ಕಾಲದಲ್ಲಿ ಬರೆಯುವ ಚರ್ಮದ ಹಾಳೆಗೆ ಬೆಲೆ ಜಾಸ್ತಿ. ಹಳೆಯ ಬರಹವನ್ನು ಕೆರೆದು, ತೊಳೆದು, ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದರು. ಈ ಹಾಳೆಗೆ ಹೀಗೆ ಎರಡು ಸಲ ಆಗಿದೆ. ಆದರೆ ಶಾಯಿ ಚರ್ಮದೊಳಗೆ ಸ್ವಲ್ಪ ಇಳಿದಿರುತ್ತದೆ. ಅತಿನೇರಳೆ ಬೆಳಕು ಬಿಟ್ಟಾಗ ಚರ್ಮ ಮಿನುಗುತ್ತದೆ, ಶಾಯಿ ಇದ್ದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ಕಳೆದೇ ಹೋಯಿತು ಎಂದುಕೊಂಡಿದ್ದ ಅಕ್ಷರಗಳು ಹಾಗೆ ಎದ್ದು ಕಾಣುತ್ತವೆ.

ಸಿರಿಯಾಕ್ ಎಂದರೆ ಅರಮಾಯಿಕ್ ಭಾಷೆಯ ಒಂದು ರೂಪ. ಯೇಸು ಆಡುತ್ತಿದ್ದ ಮಾತಿಗೆ ಹತ್ತಿರದ ನಂಟು. ಹಾಗಂತ ಇದು ಅವರ ಬಾಯಿಂದ ಬಂದ ಪದಗಳೇ ಅಲ್ಲ, ಗ್ರೀಕಿನಿಂದ ಮಾಡಿದ ಅನುವಾದ. ನನ್ನ ಮಟ್ಟಿಗೆ ಅದರ ನಿಜವಾದ ಬೆಲೆ ಇರುವುದೇ ಅಲ್ಲಿ. ಅನುವಾದಕನ ಕೈಯಲ್ಲಿ ಆಗ ಎಂಥ ಗ್ರೀಕ್ ಪ್ರತಿ ಇತ್ತು ಎಂಬುದನ್ನು ಅದು ಹೇಳುತ್ತದೆ. ಆದರೆ ಎಚ್ಚರ ಬೇಕು. ತೆನೆ ತಿಕ್ಕುವ ಮಾತು ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಗ್ರೀಕಿನಲ್ಲೇ ಇದೆ. ಆ ಸಾಲು ನೆನಪಿನಲ್ಲಿ ಇದ್ದವನೊಬ್ಬ ಇಲ್ಲಿಗೂ ಅದನ್ನು ತಂದಿರಬಹುದು. ಒಂದೊಂದು ಪದಕ್ಕೂ ಹೀಗೆ ಹತ್ತು ಕಡೆ ನೋಡಬೇಕು.

ಈ ಹಳೆಯ ಅನುವಾದದ ದೊಡ್ಡ ಪ್ರತಿ ಸಿಕ್ಕಿದ್ದು 1892ರಲ್ಲಿ, ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ. ಕಂಡುಹಿಡಿದವರು ಸ್ಕಾಟ್ಲೆಂಡಿನ ಆಗ್ನೆಸ್ ಸ್ಮಿತ್ ಲೂಯಿಸ್. ಜೊತೆಗಿದ್ದವರು ಅವರ ಅವಳಿ ಸಹೋದರಿ ಮಾರ್ಗರೆಟ್. ಮೇಲಿನ ಬರಹ ಸಂತ ಮಹಿಳೆಯರ ಕಥೆಗಳು. ಅದರ ಕೆಳಗೆ ಮಸುಕಾಗಿ ಸುವಾರ್ತೆ. ಅಂಟಿಕೊಂಡಿದ್ದ ಹಾಳೆಗಳನ್ನು ಆಗ್ನೆಸ್ ಕೆಟಲಿನ ಹಬೆ ಹಿಡಿದು ಬಿಡಿಸಿದರು, ಫೋಟೋ ತೆಗೆದರು. ಕೇಂಬ್ರಿಡ್ಜಿನ ಪಂಡಿತರು ಆ ಫೋಟೋಗಳನ್ನು ನೋಡಿ ಇದು ಏನೆಂದು ಗುರುತಿಸಿದರು. ಮರುವರ್ಷವೇ ಎಲ್ಲರೂ ಒಟ್ಟಿಗೆ ಮಠಕ್ಕೆ ಹೋಗಿ ಅಕ್ಷರ ಅಕ್ಷರವಾಗಿ ಓದಿ ಬರೆದುಕೊಂಡರು.

ಆ ಪ್ರತಿಯಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಇಂದಿನ ಬೈಬಲಿನಲ್ಲಿ ಇರುವ ಮುಂದಿನ 12 ವಚನಗಳು ಅಲ್ಲಿ ಇಲ್ಲ. 4ನೇ ಶತಮಾನದ ಎರಡು ಪ್ರಸಿದ್ಧ ಗ್ರೀಕ್ ಪ್ರತಿಗಳಲ್ಲೂ ಹಾಗೆಯೇ. ಸಮಾಧಿ ನೋಡಲು ಬಂದ ಹೆಂಗಸರು ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಅದರ ಬೆನ್ನಿಗೇ ಲೂಕನ ಸುವಾರ್ತೆ ಶುರುವಾಗುತ್ತದೆ.