ಗಾಮಾ ಕಿರಣ ಬಿದ್ದ ಪ್ಲಾಸ್ಟಿಕ್ಕಿನ ಶ್ರುತಿ

ಬಳಸಿ ಎಸೆಯುವ ಸಿರಿಂಜುಗಳನ್ನು ಗಾಮಾ ಕಿರಣಗಳಿಂದ ಕ್ರಿಮಿಶುದ್ಧ ಮಾಡುತ್ತಾರೆ ಎಂದೊಡನೆ, ಆ ವಿಕಿರಣ ಪ್ಲಾಸ್ಟಿಕ್ಕಿನಲ್ಲೇ ಉಳಿದು ಮೈಗೆ ಸೇರುವುದಿಲ್ಲವೇ ಎಂದು ಓದಿ ತಿಳಿದವರೂ ಹುಬ್ಬೇರಿಸುತ್ತಾರೆ. ಖಂಡಿತ ಸೇರುವುದಿಲ್ಲ. ಈ ಕೆಲಸಕ್ಕೆ ಬಳಸುವ ವಿಕಿರಣಶೀಲ ಕೋಬಾಲ್ಟ್-60ರಿಂದ ಹೊಮ್ಮುವ ಕಿರಣಗಳ ಶಕ್ತಿ 1.17 ಮತ್ತು 1.33 ಎಂಇವಿ (ಪರಮಾಣು ಮಟ್ಟದ ಶಕ್ತಿಯ ಅಳತೆ), ಪ್ಲಾಸ್ಟಿಕ್ಕನ್ನೇ ವಿಕಿರಣಶೀಲ ಮಾಡಲು ಅದರ ಇಂಗಾಲ-12ರ ನ್ಯೂಕ್ಲಿಯಸ್ಸಿನಿಂದ ಒಂದು ನ್ಯೂಟ್ರಾನನ್ನು ಕಿತ್ತು ಹೊರಹಾಕಲು 18 ಎಂಇವಿಗೂ ಹೆಚ್ಚು ಬೇಕು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಆದರೆ ಕ್ರಿಮಿಶುದ್ಧಿಗೆ ವಾಡಿಕೆಯಾಗಿರುವ 25 ಕಿಲೋಗ್ರೇ (ವಸ್ತು ಹೀರಿದ ವಿಕಿರಣದ ಅಳತೆ) ಪ್ರಮಾಣ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಗಳಾದ ಪಾಲಿಮರ್ ಸರಪಳಿಗಳ ಬಂಧಗಳನ್ನು ಅಲ್ಲಲ್ಲಿ ಕಡಿದುಹಾಕಲು ಧಾರಾಳವಾಗಿ ಸಾಕು, ವಿಚಾರಿಸಬೇಕಾದದ್ದು ಅದನ್ನೇ.

ಕಡಿದ ತುದಿಗಳು ಎಲ್ಲ ಪ್ಲಾಸ್ಟಿಕ್ಕಿನಲ್ಲೂ ಒಂದೇ ದಾರಿ ಹಿಡಿಯುವುದಿಲ್ಲ. ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಪಾಲಿಎಥಿಲೀನನ್ನು ರಿಯಾಕ್ಟರಿನೊಳಗಿಟ್ಟು ಆರ್ಥರ್ ಚಾರ್ಲ್ಸ್‌ಬಿ 1952ರಲ್ಲಿ ತೋರಿಸಿಕೊಟ್ಟಂತೆ, ಅದರ ಸರಪಳಿಗಳು ಪರಸ್ಪರ ಹೆಣೆದುಕೊಂಡು, ಕರಗುವ ಬಿಸಿಯಲ್ಲೂ ಹರಿಯದಂತಾಗುತ್ತವೆ. ಸಿರಿಂಜುಗಳ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನಿನಲ್ಲಿ ಮುರಿತದ್ದೇ ಮೇಲುಗೈ.

ಈ ಮುರಿತದ ಗುರುತನ್ನು ಕಾಣಿಸುವುದು ಅವಕೆಂಪು ರೋಹಿತ, ಅಂದರೆ ವಸ್ತು ಯಾವ ಯಾವ ಅವಕೆಂಪು ಕಿರಣಗಳನ್ನು ನುಂಗುತ್ತದೆ ಎಂದು ತೋರಿಸುವ ರೇಖೆ. ರಾಸಾಯನಿಕ ಬಂಧವೆಂದರೆ ತಂಬೂರಿಯ ತಂತಿ: ಬಿಗಿದಷ್ಟೂ ಶ್ರುತಿ ಏರುತ್ತದೆ, ತೂಕ ಹೆಚ್ಚಿದಷ್ಟೂ ಇಳಿಯುತ್ತದೆ. ಇಲ್ಲವೇ ಉಯ್ಯಾಲೆ ಎನ್ನಿ. ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಜೀಕು ಏರುವಂತೆ, ಬಂಧವೂ ತನ್ನ ಲಯಕ್ಕೆ ಹೊಂದುವ ಕಿರಣವನ್ನಷ್ಟೇ ನುಂಗುತ್ತದೆ. ಹಗುರ ಹೈಡ್ರೋಜನ್ನಿನೊಡನೆ ಇಂಗಾಲದ ಬಂಧ ಸೆಂಟಿಮೀಟರಿಗೆ 2900 ಅಲೆಗಳ ಆಸುಪಾಸಿನಲ್ಲಿ ಮಿಡಿದರೆ, ಇಂಗಾಲ ಮತ್ತು ಆಮ್ಲಜನಕದ ಜೋಡಿಬಂಧವಾದ ಕಾರ್ಬೊನಿಲ್ 1720ರ ಬಳಿ, ಅಂದರೆ ಸೆಕೆಂಡಿಗೆ ಸುಮಾರು 50 ಲಕ್ಷ ಕೋಟಿ ಸಲ ಮಿಡಿಯುತ್ತದೆ. ಶುದ್ಧ ಪಾಲಿಪ್ರೊಪಿಲೀನಿನಲ್ಲಿ ಆಮ್ಲಜನಕವೇ ಇಲ್ಲವಾದ್ದರಿಂದ ಅದರ ತೆಳುಹಾಳೆಯ ರೇಖೆ 1720ರಲ್ಲಿ ಸಪಾಟಾಗಿರುತ್ತದೆ. ಗಾಮಾ ಬಿದ್ದ ಹಾಳೆಯಲ್ಲಿ ಅಲ್ಲೊಂದು ಉಬ್ಬು ಏಳುತ್ತದೆ, ಏಕೆಂದರೆ ಕಡಿದ ತುದಿಗಳು ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡಿರುತ್ತವೆ. ಸ್ಫಟಿಕ ಭಾಗಗಳಲ್ಲಿ ಸಿಕ್ಕಿಕೊಂಡ ತುದಿಗಳು ತಿಂಗಳುಗಟ್ಟಲೆ ಕಾದಿದ್ದು ಆಮ್ಲಜನಕ ಸಿಕ್ಕಾಗ ಕೂಡಿಕೊಳ್ಳುವುದರಿಂದ, ಆ ಉಬ್ಬು ಕಪಾಟಿನಲ್ಲಿಟ್ಟ ಮೇಲೂ ಬೆಳೆಯುತ್ತದೆ. ಈ ಕೆಡುಕನ್ನು ತಡೆಯುವ ಸ್ಥಿರಕಾರಿ ಬೆರೆಸದ ಸಿರಿಂಜು ಹೆಬ್ಬೆರಳಿನ ಒತ್ತಿಗೇ ಬಿರಿಯುವಷ್ಟು ಪೆಡಸಾಗುವುದು ಹೀಗೆ.

ಬೇರೊಂದು ಪ್ಲಾಸ್ಟಿಕ್ ಬೆರೆಸಿ ಈ ಮುರಿತವನ್ನು ತಡೆಯಬಹುದೇ ಎಂದರೆ, ಅಂಥ ಮಿಶ್ರಣಗಳಲ್ಲಿ ಮೊದಲು ಕೇಳಬೇಕಾದದ್ದು ಅವು ನಿಜವಾಗಿ ಬೆರೆತಿವೆಯೇ ಎಂದು. ಪಾಲಿವಿನೈಲ್ ಆಲ್ಕೊಹಾಲಿನೊಡನೆ ಪಾಲಿವಿನೈಲ್ ಪಿರೊಲಿಡೋನ್ ಕೂಡಿದಾಗ ನಡುವೆ ಹೈಡ್ರೋಜನ್ ಬಂಧ (ಅಣುಗಳ ನಡುವಿನ ಸಡಿಲ ಸೆಳೆತ) ಬೆಸೆದು, ಎರಡನೆಯದರ ಕಾರ್ಬೊನಿಲ್ ಶ್ರುತಿ ತುಸು ಇಳಿಯುತ್ತದೆ. ಮಿಡಿಯುವ ತಂತಿಗೆ ಯಾರೋ ಬೆರಳು ತಾಗಿಸಿದಂತೆ. ಪಾಲಿಪ್ರೊಪಿಲೀನಿಗೆ ಪಾಲಿಸ್ಟೈರೀನ್ ಸೇರಿಸಿದರೆ ಅಂಥ ಬದಲಾವಣೆ ಕಾಣುವುದಿಲ್ಲ, ರೋಹಿತ ಹೆಚ್ಚುಕಡಿಮೆ ಎರಡರ ಮೊತ್ತವಷ್ಟೇ ಆಗಿರುತ್ತದೆ. ಪಾಲಿಸ್ಟೈರೀನಿನ ಬೆಂಜೀನ್ ಉಂಗುರಗಳು ವಿಕಿರಣದ ಶಕ್ತಿಯನ್ನು ತಮ್ಮೊಳಗೇ ಹರಡಿಕೊಂಡು, ಬಂಧ ಮುರಿಯಗೊಡದೆ ಶಾಖವಾಗಿ ಬಿಟ್ಟುಬಿಡುತ್ತವೆ ನಿಜ, ಆದರೆ ಆ ಆಸರೆ ನ್ಯಾನೊಮೀಟರುಗಳಷ್ಟು ಹತ್ತಿರದ ನೆರೆಗೆ ಮಾತ್ರ ದಕ್ಕುತ್ತದೆ. ಎಣ್ಣೆ ನೀರಿನಂತೆ ಬೇರೆಯಾಗಿಯೇ ಉಳಿದ ಹಾಳೆಯಲ್ಲಿ ಪಾಲಿಪ್ರೊಪಿಲೀನಿನ 1720ರ ಉಬ್ಬು ಉಂಗುರಗಳ ಹಂಗಿಲ್ಲದೆ ಏಳುತ್ತದೆ.